ಮೂರು ಸಲ ವಾಸಿಯಾದ ಕಾಮಾಲೆ

ನಮ್ಮ ಮಾವನವರಿಗೆ ಈ ವರ್ಷ ಮೂರು ಸಲ ಕಾಮಾಲೆ ವಾಸಿಯಾಯಿತು. ವಾಸಿಯಾದದ್ದೇ ತಪ್ಪಾಯಿತು ನೋಡಿ!

ಮಾವನವರು ಮಾರಂಡಹಳ್ಳಿಯವರು. ಮೂವತ್ತು ವರ್ಷದ ಹಿಂದೆ ಮೆಟ್ಟೂರು ಅಣೆ ಕಟ್ಟುವಾಗ ಕಲ್ಲುಕೆಲಸದ ಮೇಸ್ತ್ರಿಯಾಗಿದ್ದ ಗಟ್ಟಿ ಜೀವ. ಕಣ್ಣು ಹಳದಿಯಾದ ಕೂಡಲೇ ಅತ್ತೆಯವರು ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕುಡಿಸಿದರು. ಎಣ್ಣೆ ಇಲ್ಲ, ತುಪ್ಪ ಇಲ್ಲ, ಬರೀ ಗಂಜಿ. ಕಣ್ಣು ಬೆಳ್ಳಗಾಯಿತು. ಇನ್ನೇನು, ಪಥ್ಯ ಮುರಿಯುವ ಊಟ! ಒಬ್ಬಟ್ಟು, ಅದು ಮುಳುಗುವಷ್ಟು ತುಪ್ಪ. (ಸೇಲಮ್ಮಿನಲ್ಲಿರುವ ಈ ಅಳಿಯನಿಗೂ ಕರೆ ಬರುತ್ತಿತ್ತು. ಸುಳ್ಳೇಕೆ, ಒಂದೂ ತಪ್ಪಿಸಲಿಲ್ಲ.)

ಉಂಡ ಸಂಜೆಯೇ ಮಾವನವರಿಗೆ ಬಲಪಕ್ಕೆಯಲ್ಲಿ ನೋವು. ಎರಡು ದಿನಕ್ಕೆ ಕಣ್ಣು ಮತ್ತೆ ಹಳದಿ. ಮತ್ತೆ ನೆಲನೆಲ್ಲಿ, ಮತ್ತೆ ಗಂಜಿ, ಮತ್ತೆ ಒಬ್ಬಟ್ಟು.

ಮೂರನೇ ಒಬ್ಬಟ್ಟಿಗೆ ಚಳಿಜ್ವರವೂ ಬಂತು. ನನಗೆ ನಿಜವಾಗಿ ಭಯವಾಯಿತು. ಇಬ್ಬರನ್ನೂ ಬಸ್ಸು ಹತ್ತಿಸಿ ಸೇಲಮ್ಮಿಗೆ ಕರೆತಂದೆ.

ಡಾಕ್ಟರು ಪಕ್ಕೆ ಒತ್ತಿ ನೋಡಿ ಲಿವರ್ ಊದಿದೆ ಎಂದರು. ನೋವು ಬರುವ ಮುಂಚೆ ಏನು ಉಂಡಿದ್ದರು ಎಂದು ಕೇಳಿದರು.

"ಒಬ್ಬಟ್ಟು ಸಾರ್! ಮನೇದೇ ತುಪ್ಪ!" ಅತ್ತೆಯವರಿಗೆ ಹೆಮ್ಮೆ.

"ಅದಕ್ಕೂ ಮುಂಚಿನ ಸಲ?"

"ಆಗ್ಲೂ ಒಬ್ಬ..." ಅತ್ತೆಯವರು ಮಾವನವರ ಮುಖ ನೋಡಿದರು.

ಡಾಕ್ಟರು ತಮಿಳಿನಲ್ಲಿ ಬಿಡಿಸಿ ಹೇಳಿದರು. ತಪ್ಪು ಪಾಪ ಲಿವರಿನದಲ್ಲ. ಅದರ ಕೆಳಗಿನ ಪಿತ್ತದ ಚೀಲದಲ್ಲಿ ಕಲ್ಲು. ತುಪ್ಪ ತಿಂದರೆ ಚೀಲ ಹಿಂಡಿಕೊಳ್ಳುತ್ತದೆ, ಕಲ್ಲು ಜಾರಿ ನಾಳಕ್ಕೆ ಅಡ್ಡ ಬೀಳುತ್ತದೆ. ದಾರಿ ಸಿಗದ ಪಿತ್ತ ಲಿವರಿನಲ್ಲೇ ನಿಂತು ಲಿವರ್ ಊದಿಕೊಳ್ಳುತ್ತದೆ. ಕಲ್ಲು ಸರಿದಾಗ ಕಣ್ಣು ತಿಳಿಯಾಗುತ್ತದೆ, ಅಷ್ಟೇ. ಹೀಗೇ ಬಿಟ್ಟರೆ ಜೀವಕ್ಕೆ ಅಪಾಯ. ಆಪರೇಷನ್ ಆಗಲೇಬೇಕು.

ಅತ್ತೆಯವರು ಸೆರಗನ್ನು ಬಾಯಿಗಿಟ್ಟುಕೊಂಡರು. "ಒಟ್ಟೆ ಕುಯ್ಯದಾ? ಬ್ಯಾಡಪ್ಪಾ, ಊರ್ಗೋಗಾನ ನಡೀರಿ."

ಮಾವನವರು ಎದ್ದು ಕೂತರು. "ಸುಮ್ಕಿರೇ! ಕೆರೆ ನೀರು ಓಗೋ ಮದಗಿಗೆ ಕಲ್ಲು ಅಡ್ಡ ಬಿದ್ದೈತೆ, ನೀರು ಇಂದಕ್ಕೆ ನುಗ್ತಾ ಐತೆ. ದಡದಾಗೆ ಕುಂತು ಗಂಜಿ ಕುಡುದ್ರೆ ಕಲ್ಲು ಓಯ್ತದಾ? ಇಳುದು ತೆಗೀಬೇಕು." ನಾಳೆಯೇ ಕುಯ್ದುಬಿಡಿ ಎಂದು ಡಾಕ್ಟರಿಗೇ ಅಪ್ಪಣೆ!

ಮೇಸ್ತ್ರಿ ಬದುಕಿದರು. ಎಚ್ಚರವಾದ ಮೇಲೆ ಕಡಲೆಕಾಳಿನಷ್ಟು ದಪ್ಪದ ಏಳು ಕಲ್ಲುಗಳನ್ನು ಅಂಗೈಯಲ್ಲಿ ಹೊರಳಿಸಿ, ಉಗುರಿನಿಂದ ಕೆರೆದು, "ಚೇ, ಪೊಳ್ಳು ಮಾಲು. ಅಣೆಗೆ ಆಗಾಕಿಲ್ಲ" ಎಂದು ತಿರಸ್ಕರಿಸಿದರು. ವರಾಂಡದಲ್ಲಿ ನಿಂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ. (ಮನೆಯವರು ಈ ಅಂಕಣ ಓದುವುದಿಲ್ಲ.)

ಕಳೆದ ಭಾನುವಾರ ಮಾವನವರನ್ನು ನಮ್ಮ ಮನೆಗೆ ಕರೆತಂದೆ. ತಿಂಗಳು ಪೂರ್ತಿ ಜಿಡ್ಡು ಕೂಡದು ಎಂದು ಡಾಕ್ಟರು ಮೂರು ಸಲ ಹೇಳಿದ್ದರು. ಹೊಸ್ತಿಲು ದಾಟಿದರೆ ತುಪ್ಪ ಕಾಯಿಸಿದ ಘಮ! ಎಲೆಯ ಮೇಲೆ ಒಬ್ಬಟ್ಟು!

"ಓದ ಜೀವ ವಾಪಸ್ ಬಂದೈತೆ. ಬರೀ ಗಂಜಿ ಉಯ್ಯಕ್ಕೆ ನಂಗೆ ಮನ್ಸು ಬರ್ತದಾ?" ಅತ್ತೆಯವರ ಕಣ್ಣು ತುಂಬಿತ್ತು. ನಮ್ಮಲ್ಲಿ ಪ್ರೀತಿ ಯಾವಾಗ ತುಪ್ಪವಿಲ್ಲದೆ ಬಡಿಸಿಕೊಂಡಿದೆ?

ಮಾವನವರು ಒಬ್ಬಟ್ಟನ್ನು ನೋಡಿದರು. ಹೆಂಡತಿಯನ್ನು ನೋಡಿದರು. ಆಮೇಲೆ ಎಲೆಯನ್ನು ನನ್ನ ಕಡೆ ತಳ್ಳಿದರು.

"ಅಳಿಯಂದ್ರೇ, ನಿಮ್ ಮದಗು ನೆಟ್ಟಗೈತಾ?"