ಗೆಳತಿಯ ಹುಟ್ಟಿದ ತಾರೀಖು

ಎಂಬತ್ತರ ದಶಕದ ಕೊನೆಯಲ್ಲಿ ಚಿಕ್ಕೋಡಿಯ ಒಂದು ಖಾಸಗಿ ಶಾಲೆಯಲ್ಲಿ ನಾನು ಹತ್ತನೆಯ ತರಗತಿ ಮುಗಿಸಿದೆ. ಮಾರ್ಕ್ಸು ಚೆನ್ನಾಗಿಯೇ ಬಂದಿದ್ದವು. ಆದರೂ ಅಪ್ಪ, "ಕಾಲೇಜ ಎಲ್ಲಿ ಓಡಿ ಹೋಗತೈತಿ? ಒಂದ ವರ್ಷ ಟೈಪಿಂಗ್ ಕಲಿ, ಮುಂದ ನೌಕರಿಗೆ ಬೇಕಾಗತೈತಿ" ಎಂದರು. ನನ್ನ ಬೆಂಚಿನ ಗೆಳತಿ ಜುಗೂಳದವಳು, ಚಿಕ್ಕೋಡಿಯಲ್ಲಿ ಸೋದರಮಾವನ ಮನೆಯಲ್ಲಿದ್ದು ಓದಿದವಳು. ಅವಳನ್ನೂ ಹೊಲಿಗೆ ಕಲಿಯಲೆಂದು ಊರಿಗೆ ಕರೆಸಿಕೊಂಡರು. ಒಂದು ವರ್ಷ ತಾನೇ, ಬರುವ ಜೂನ್‌ನಲ್ಲಿ ಕೂಡಿಯೇ ಕಾಲೇಜು ಸೇರೋಣ ಎಂದು ಮಾತಾಡಿಕೊಂಡೆವು.

ಟೈಪಿಂಗ್ ಕ್ಲಾಸು ಕೋರ್ಟಿನ ಎದುರಿಗಿತ್ತು. ಕೈ ಕುದುರಿದ ಮೇಲೆ ಸರ್ ನನಗೆ ಕೋರ್ಟಿನ ಕಾಗದಗಳನ್ನೂ ಹೊಡೆಯಲು ಕೊಡತೊಡಗಿದರು. ಅಣ್ಣತಮ್ಮಂದಿರ ಪಾಲಿನ ಜಗಳ, ಗಂಡ ಬಿಟ್ಟವರ ಅರ್ಜಿ. ಅರ್ಥ ನೋಡದೆ ಅಕ್ಷರ ಮಾತ್ರ ನೋಡುವುದನ್ನು ಕಲಿತಿದ್ದೆ.

ಚಳಿಗಾಲದ ಒಂದು ಮಧ್ಯಾಹ್ನ ಗೆಳತಿಯ ತಂದೆ ಅಫಿಡವಿಟ್‌ನ ಕರಡು ಹಿಡಿದು ಒಳಗೆ ಬಂದರು. ನನ್ನನ್ನು ಕಂಡು ಮುಖ ಅರಳಿತು.

"ಏನವಾ, ಇಲ್ಲೇ ಅದಿಯೇನ? ಚಲೋ ಆತು. ಚಂದಂಗ ಹೊಡದ ಕೊಡು."

ಶಾಲೆಯಲ್ಲಿ ಮಗಳ ಜನ್ಮ ತಾರೀಖು ತಪ್ಪಾಗಿ ಬರೆಸಲಾಗಿದೆ ಎಂದು ಅದರಲ್ಲಿತ್ತು. ಸರಿಯಾದದ್ದೆಂದು ಬರೆದ ತಾರೀಖಿನಲ್ಲಿ ಅವಳು ಮೂರು ವರ್ಷ ದೊಡ್ಡವಳಾಗಿದ್ದಳು.

"ಕಾಕಾ, ಆಕಿ ನನ್ನ ವಾರಿಗೀಕಿ, ಆಕಿಗೂ ಹದಿನಾರ" ಎಂದೆ.

ಅವರು ದನಿ ತಗ್ಗಿಸಿದರು. "ಗೊತ್ತೈತವಾ. ಲಗ್ನಕ್ಕ ಮನಿತನ ಚಲೋ ಬಂದೈತಿ, ಬಿಡಾಕ ಬರೂದಿಲ್ಲ. ಆಕಿಗೆ ಇನ್ನೂ ಹೇಳಿಲ್ಲ."

ನಾನು ಸರ್ ಕಡೆ ನೋಡಿದೆ. ಅವರು ಪೇಪರಿನಿಂದ ತಲೆ ಎತ್ತದೆ, "ಬರದಿದ್ದನ್ನ ಹೊಡಿಯೂದಷ್ಟ ನಮ್ಮ ಕೆಲಸ, ತಂಗಿ" ಎಂದರು.

ಕಾಗದ ಏರಿಸಿ ಹೊಡೆದೆ. ಬೆರಳು ಎಲ್ಲಿಯೂ ತಡವರಿಸಲಿಲ್ಲ. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಮನೆಗೆ ಬಂದು ಅವಳಿಗೆ ಪತ್ರ ಬರೆಯಲು ಕೂತೆ. ಅವಳಪ್ಪನ ಕೈಗೆ ಸಿಕ್ಕರೆ ಎಂಬ ಅಂಜಿಕೆಯಿಂದ ಹರಿದು ಒಲೆಗೆ ಹಾಕಿದೆ. ತಿಂಗಳೊಪ್ಪತ್ತಿನಲ್ಲಿ ಮದುವೆಯಾಯಿತು. ಪರೀಕ್ಷೆ ಇದೆ ಎಂದು ಸುಳ್ಳು ಹೇಳಿ ನಾನು ಹೋಗಲಿಲ್ಲ. ಜೂನ್‌ನಲ್ಲಿ ಒಬ್ಬಳೇ ಕಾಲೇಜು ಸೇರಿದೆ.

ಎರಡು ವರ್ಷದ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. ಬಗಲಲ್ಲಿ ಕೂಸು, ಕಣ್ಣ ಕೆಳಗೆ ಕಪ್ಪು. ಏನು ಓದುತ್ತಿದ್ದೀ ಎಂದು ಕೇಳಿದಳು. ಹೇಳಿದೆ. ಆಮೇಲೆ ಕೂಸನ್ನು ಇನ್ನೊಂದು ಬಗಲಿಗೆ ಹೊರಳಿಸಿಕೊಳ್ಳುತ್ತ ಮೆಲ್ಲಗೆ ಅಂದಳು:

"ಅಪ್ಪ ಹೇಳಿದಾ, ನೀನ ಹೊಡದಿ ಅಂತ. ಒಂದ ಮಾತ ಹೇಳಿ ಕಳಸಬಾರದಾಗಿತ್ತೇನ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅವಳ ಗಂಡ ಬಸ್ಸಿನಿಂದ ಕೂಗಿದ. ಅವಳು ಹತ್ತಿ ಕೂತಳು, ಕಿಟಕಿಯಿಂದ ನನ್ನತ್ತ ನೋಡಲಿಲ್ಲ.