ಕ್ಲಚ್ಚಿನ ಮೇಲಿದ್ದ ಕಾಲು

ಆ ಕಾರಿನ ಕ್ಲಚ್ ಸುಟ್ಟದ್ದು ನನ್ನಿಂದ. ಭಾಗೀರಥಿ ಅತ್ತಿಗೆಯಿಂದ ಅಲ್ಲ. ಏಳು ಚಳಿಗಾಲ ಕಳೆದ ಮೇಲೆ ಮೊದಲ ಸಲ ಇದನ್ನು ಬರೆಯುತ್ತಿದ್ದೇನೆ. ಬರೆದಾದ ಮೇಲೂ ಕೈ ಹಿಂದಕ್ಕೆ ಹೋಗಿ, ಆ ಎರಡು ವಾಕ್ಯಗಳ ನಡುವೆ ಒಂದು ‘ಬಹುಶಃ’ ತುರುಕಲು ಜಾಗ ಹುಡುಕುತ್ತಿದೆ. ತುರುಕುವುದಿಲ್ಲ.

ನಾನು ಶಿರಸಿಯ ಕಾಲೇಜೊಂದರಲ್ಲಿ ಇತಿಹಾಸ ಕಲಿಸುವವಳು. ಹುಡುಗಿಯಾಗಿದ್ದಾಗಿನಿಂದ ದಿನಚರಿ ಬರೆಯುವ ಅಭ್ಯಾಸ. ನೆನಪನ್ನು ನಂಬಬೇಡಿ, ಆ ಹೊತ್ತಿನಲ್ಲೇ ಬರೆದಿಟ್ಟದ್ದು ಏನಿದೆ ನೋಡಿ ಎಂದು ವಿದ್ಯಾರ್ಥಿಗಳಿಗೆ ವರ್ಷವರ್ಷವೂ ಹೇಳುತ್ತೇನೆ. ಹಾಗಾಗಿ ಇದಕ್ಕೆ ಕೂರುವ ಮೊದಲು ಆ ವರ್ಷದ ಪುಸ್ತಕವನ್ನು ಕಪಾಟಿನಿಂದ ತೆಗೆದೆ. ಆ ಭಾನುವಾರದ ಪುಟದಲ್ಲಿ ನನ್ನದೇ ಅಕ್ಷರದಲ್ಲಿ ಹೀಗಿದೆ: “ಕಿರವತ್ತಿಯ ಹತ್ತಿರ ಕ್ಲಚ್ ಹೋಯಿತು. ಅತ್ತಿಗೆಗೆ ಈಗೀಗ ಕಾಲು ಹಿಡಿತಕ್ಕೆ ಬರುವುದಿಲ್ಲ.” ಯಾರೂ ಓದದ ಪುಸ್ತಕ ಅದು, ಬೀಗ ಹಾಕಿಡುವ ಪುಸ್ತಕ. ಅದರಲ್ಲೂ ಸುಳ್ಳು ಬರೆದಿದ್ದೇನೆ. ಯಾರ ಕಣ್ಣಿಗೆ ಹೆದರಿ ಬರೆದೆ? ಗೊತ್ತಿಲ್ಲ — ಅಥವಾ ಗೊತ್ತಿದೆ, ಅದಕ್ಕೇ ಈ ಕಾಗದ.

ಅತ್ತಿಗೆ ಎಂದರೆ ನನ್ನ ಗಂಡನ ಅಕ್ಕ. ಸಿದ್ದಾಪುರ ತಾಲೂಕಿನ ಮನ್ಮನೆಯಲ್ಲಿದ್ದಾರೆ. ಗಂಡ ತೀರಿಕೊಂಡ ಮೇಲೆ ಜೇನು ಸಾಕಲು ಹಿಡಿದರು. ನಮ್ಮ ಕಡೆಯ ತುಡುವೆ ಜೇನು, ಮರದ ಪೆಟ್ಟಿಗೆಯಲ್ಲಿ ಸಾಕುವಂಥದ್ದು. ಚಳಿಗಾಲದಲ್ಲಿ ಇಲ್ಲಿ ಹೂವು ಕಡಿಮೆಯಾದಾಗ ಪೆಟ್ಟಿಗೆಗಳನ್ನು ಕಲಘಟಗಿಯ ಆಚೆಯ ಬಯಲಿಗೆ, ಸೂರ್ಯಕಾಂತಿ, ಕುಸುಬೆ ಬೆಳೆಯುವ ಹೊಲಗಳಿಗೆ ಒಯ್ದಿಡುತ್ತಿದ್ದರು. ಅದಕ್ಕಾಗಿಯೇ ನಲವತ್ತೈದು ದಾಟಿದ ಮೇಲೆ ಕಾರು ಕಲಿತರು. ಹಳೆಯ ಬಿಳಿ ಗೇರ್ ಕಾರು. ಹಿಂದಿನ ಸೀಟು ಕಿತ್ತುಹಾಕಿ ಐದು ಪೆಟ್ಟಿಗೆ ಕೂರುವಂತೆ ಹಲಗೆ ಹೊಡೆಸಿದ್ದರು. ಕಾಗದಪತ್ರ ಮಾತ್ರ ತಮ್ಮನ, ಎಂದರೆ ನನ್ನ ಗಂಡನ, ಹೆಸರಿನಲ್ಲಿತ್ತು. ಒಬ್ಬಳೇ ಹೆಂಗಸಿನ ಹೆಸರಲ್ಲಿ ಯಾಕೆ ಎಂದು ಆಗ ಎಲ್ಲರೂ ಹೇಳಿದ್ದರು. ಆ ‘ಎಲ್ಲರೂ’ ಯಾರು ಎಂದು ಕೇಳಿದರೆ ಒಬ್ಬರ ಹೆಸರೂ ನೆನಪಾಗುವುದಿಲ್ಲ.

ನನಗೆ ಆಗ ಮೂವತ್ತನಾಲ್ಕು. ಡ್ರೈವಿಂಗ್ ಶಾಲೆಯವರು ಮೈದಾನದಲ್ಲಿ ಎಂಟು ಸುತ್ತು ಹಾಕಿಸಿ ಕಲಿತಿರಿ ಎಂದಿದ್ದರು. ರಸ್ತೆಗಿಳಿದರೆ, ಎದುರಿಗೊಂದು ಬಸ್ಸು ಕಂಡರೂ ಪಕ್ಕಕ್ಕೆ ನಿಲ್ಲಿಸಿಬಿಡುತ್ತಿದ್ದೆ. ಅತ್ತಿಗೆಯೇ ಕರೆದರು: “ಮೈದಾನದಲ್ಲಿ ಸುತ್ತಿದ್ರೆ ಸುತ್ತೋದೇ ಬತ್ತು. ಭಾನುವಾರ ನನ್ ಜೊತಿಗೆ ಬಾ ಕೂಸೇ.” ಹಾಗೆ ಆ ಚಳಿಗಾಲವಿಡೀ ಭಾನುವಾರ ಬೆಳಗಿನ ಐದೂವರೆಗೆ ಶಿರಸಿಯ ನಮ್ಮ ಮನೆಯ ಮುಂದೆ ಬಿಳಿ ಕಾರು ನಿಲ್ಲುತ್ತಿತ್ತು. ಹಿಂದಿನ ಸಂಜೆಯೇ ಪೆಟ್ಟಿಗೆಗಳ ಬಾಗಿಲಿಗೆ ಜಾಳಿಗೆ ಹಾಕಿ ಮುಚ್ಚಿರುತ್ತಿದ್ದರು. ಬಿಸಿಲೇರುವ ಮೊದಲು ಹೊಲ ಮುಟ್ಟಿ ಬಾಗಿಲು ತೆಗೆಯಬೇಕು. ಮುಚ್ಚಿದ ಪೆಟ್ಟಿಗೆಗೆ ಬಿಸಿಲು ತಾಗಿದರೆ ಒಳಗಿನ ಮೇಣದ ಎರಿ ಮೆತ್ತಗಾಗಿ ಕುಸಿದು ಹುಳ ಸಾಯುತ್ತವೆ. ಅವರ ಗಡಿಯಾರವೆಲ್ಲ ಆ ಬಿಸಿಲಿನ ಮೇಲೆ ನಿಂತಿತ್ತು.

ನನ್ನ ಗಂಡನ ಷರತ್ತು ಒಂದೇ — ಪೆಟ್ಟಿಗೆ ತುಂಬಿರುವಾಗ ನಾನು ಓಡಿಸಕೂಡದು, ಖಾಲಿ ಬರುವಾಗ ಮಾತ್ರ. ಎರಡನೇ ಭಾನುವಾರವೇ ನಾವಿಬ್ಬರೂ ಅದನ್ನು ಮುರಿದೆವು. ಶಿರಸಿಯಿಂದ ಯಲ್ಲಾಪುರದವರೆಗೆ ನಾನು, ಅಲ್ಲಿಂದ ಲಾರಿಗಳ ಹೆದ್ದಾರಿಯಲ್ಲಿ ಅತ್ತಿಗೆ, ವಾಪಸು ಬರುವಾಗ ಪೂರ್ತಿ ನಾನು. ಮಂಜು ಎಷ್ಟಿರುತ್ತಿತ್ತೆಂದರೆ ಮಂಚಿಕೇರಿಯವರೆಗೂ ವೈಪರ್ ಆಡುತ್ತಿತ್ತು. ಅತ್ತಿಗೆ ಕಿಟಕಿ ಇಳಿಸಿ, ಮಫ್ಲರಿನೊಳಗಿಂದ ಒಂದೊಂದೇ ಮಾತು ಬಿಡುತ್ತಿದ್ದರು. “ಇಂಜಿನ್ ಕೂಗ್ತಾ ಇದ್ದು, ಕೇಳ್ತಿಲ್ಯ? ಗೇರ್ ಬದಲ್ಸು.” “ಹಾರ್ನ್ ಹೊಡೆದ್ರೆ ಆಕಳು ಸರೀತಿಲ್ಲೆ, ಅದಕ್ಕೆ ಕಾಲೇಜಿಗೆ ಹೋಪ ಅರ್ಜೆಂಟಿಲ್ಲೆ.”

ಬೆನ್ನ ಹಿಂದೆ ಐದು ಪೆಟ್ಟಿಗೆ ಹುಳ ಗುಂಯ್‌ಗುಟ್ಟುತ್ತಿದ್ದವು. ಕಾರು ಒಂದು ಸಲ ಜರ್ಕ್ ಹೊಡೆದರೆ ಸಾಕು, ಆ ಸದ್ದು ಥಟ್ಟನೆ ಏರುತ್ತಿತ್ತು. ಕತ್ತಿನ ಹಿಂಭಾಗದ ಕೂದಲು ನಿಲ್ಲುತ್ತಿತ್ತು ನನಗೆ. ಜರ್ಕ್ ಆಗದ ಹಾಗೆ ಓಡಿಸುವ ಉಪಾಯವೊಂದನ್ನು ನಾನೇ ಕಂಡುಕೊಂಡೆ: ಎಡಗಾಲನ್ನು ಕ್ಲಚ್ಚಿನ ಮೇಲಿಂದ ತೆಗೆಯದೇ ಇರುವುದು. ಅರ್ಧ ಒತ್ತಿ ಹಿಡಿದರೆ ಕಾರು ಬೆಣ್ಣೆಯಂತೆ ಜಾರುತ್ತದೆ, ಹುಳ ಸುಮ್ಮನಿರುತ್ತವೆ. ಕೆಳಗೆ ಕ್ಲಚ್ ಪ್ಲೇಟು ಮಾತ್ರ ತಿಕ್ಕಿ ತಿಕ್ಕಿ ಸವೆಯುತ್ತಿರುತ್ತದೆ. ಇದು ನನಗೆ ಗೊತ್ತಿರಲಿಲ್ಲ ಎಂದು ಬರೆಯಬೇಕೆನಿಸುತ್ತದೆ. ಗೊತ್ತಿತ್ತು. ಪ್ರತಿ ಭಾನುವಾರವೂ ಅವರು ಹೇಳುತ್ತಿದ್ದರು: “ಆ ಎಡಗಾಲಿಗೆ ಬೇರೆ ಕೆಲ್ಸ ಇಲ್ಯ? ತೆಗೆ ಅದನ್ನ. ಹುಳಕ್ಕೆ ಎಂತೂ ಆಗ್ತಿಲ್ಲೆ, ನೀ ಹೆದ್ರಡ.” ತೆಗೆಯುತ್ತಿದ್ದೆ. ಮುಂದಿನ ತಿರುವಿನಲ್ಲಿ ಮತ್ತೆ ಇಡುತ್ತಿದ್ದೆ.

ಆ ಭಾನುವಾರ ಬೇಡ್ತಿ ಸೇತುವೆ ದಾಟಿದ ಮೇಲಿನ ಏರಿನಲ್ಲಿ ಮುಂದೊಂದು ಮರ ತುಂಬಿದ ಲಾರಿ ತೆವಳುತ್ತಿತ್ತು. ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡುವುದೆಂದರೆ ನನಗೆ ಪ್ರಾಣಭಯ. ಬ್ರೇಕು ಹಾಕದೆ, ಕ್ಲಚ್ಚಿನ ಅರ್ಧದ ಮೇಲೇ ಕಾರನ್ನು ಎತ್ತಿ ಹಿಡಿದುಕೊಂಡೆ — ಎಷ್ಟು ಹೊತ್ತು? ಐದು ನಿಮಿಷ ಎನ್ನುತ್ತದೆ ನೆನಪು. ಅದರಲ್ಲಿ ಅರ್ಧ ಎಂದುಕೊಂಡರೂ ಸಾಕು. ಸುಟ್ಟ ವಾಸನೆ ಬಂತು. ಅತ್ತಿಗೆ ತಿರುಗಿ ನೋಡಿದರು. “ಕೂಸೇ, ಕಾಲು ತೆಗೆ.” ದನಿ ಏರಿಸಲಿಲ್ಲ. ಯಲ್ಲಾಪುರದಲ್ಲಿ ಚಹಾ ಕುಡಿದು ಸೀಟು ಬದಲಾಯಿಸಿದೆವು. ಅಲ್ಲಿಂದ ಮುಂದೆ ಇಂಜಿನ್ ಕೂಗುತ್ತಿತ್ತು, ಕಾರು ಮಾತ್ರ ಎಳೆಯುತ್ತಿರಲಿಲ್ಲ. ಕಿರವತ್ತಿಗೆ ಇನ್ನು ಎರಡು ಮೂರು ಕಿಲೋಮೀಟರ್ ಇರುವಾಗ, ಅತ್ತಿಗೆಯ ಕೈಯಲ್ಲಿ ಸ್ಟಿಯರಿಂಗ್ ಇರುವಾಗ, ಅದು ಪೂರ್ತಿ ನಿಂತಿತು.

ಆಮೇಲಿನದ್ದು ಅಲ್ಲಲ್ಲಿ ಹರಿದಂತೆ ನೆನಪಿದೆ. ಹಿಂದೆ ಲಾರಿಗಳ ಹಾರ್ನು. ಎಳೆಯಲು ಒಂದು ಜೀಪು ಸಿಗುವವರೆಗೆ ಕಾರು ಬಯಲಿನಲ್ಲಿ, ಬಿಸಿಲಿನಲ್ಲಿ. ಈಗ ಸಿಕ್ಕೀತು, ಆಗ ಸಿಕ್ಕೀತು ಎಂದು ಕಾದು, ಬಿಸಿಲು ಬಲಿತ ಮೇಲೆ ಅತ್ತಿಗೆ ಒಂದೊಂದೇ ಪೆಟ್ಟಿಗೆಯನ್ನು ಎದೆಗೊತ್ತಿಕೊಂಡು ರಸ್ತೆಯಾಚೆಯ ಸಾಗವಾನಿಯ ನೆರಳಿಗೆ ಹೊತ್ತರು. ನಾನು ಎರಡು ಹೊತ್ತೆ. ಕೊನೆಯ ಎರಡು ನೆರಳು ಮುಟ್ಟುವ ಹೊತ್ತಿಗೆ ತಡವಾಗಿತ್ತು. ಬಾಗಿಲು ತೆಗೆದರೆ ಹುಳ ಬರಲಿಲ್ಲ. ಜೇನುತುಪ್ಪ ಬಂತು. ಕುಸಿದ ಎರಿಯಿಂದ ಸೋರಿದ ತಮ್ಮದೇ ತುಪ್ಪದಲ್ಲಿ ಅಂಟಿಕೊಂಡು ಹುಳಗಳು ಮುದ್ದೆಯಾಗಿ ಬಂದವು. ಅತ್ತಿಗೆ ಕೈಬೆರಳಿನಿಂದ ಒಂದೊಂದನ್ನೇ ಬಿಡಿಸಿ ಎಲೆಯ ಮೇಲೆ ಇಡುತ್ತಾ ಕೂತರು. ಬಹಳ ಹೊತ್ತು.

ಕಿರವತ್ತಿಯ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಗೇರ್‌ಬಾಕ್ಸ್ ಇಳಿಸಿ ಪ್ಲೇಟು ಹೊರಗೆ ಹಾಕುವ ಹೊತ್ತಿಗೆ ಗೆಳೆಯನ ಬೈಕಿನಲ್ಲಿ ನನ್ನ ಗಂಡನೂ ಬಂದಿದ್ದ. ಮೆಕ್ಯಾನಿಕ್ ಪ್ಲೇಟನ್ನು ಎತ್ತಿ ಹಿಡಿದು ನಕ್ಕ: “ಯಾರ್ರೀ ಇದು, ಕ್ಲಚ್ ಮ್ಯಾಲ ಕಾಲಿಟ್ಟು ನಿದ್ದಿ ಮಾಡಿದವ್ರು? ಕರಕಲಾಗೇತಿ ನೋಡ್ರಿ! ಗಾಡಿ ಯಾರು ಹೊಡೀತಿದ್ರಿ?”

“ನಾನೇ” ಎಂದರು ಅತ್ತಿಗೆ. ಕಾರು ನಿಂತಾಗ ಓಡಿಸುತ್ತಿದ್ದವರು ಅವರೇ. ಕೇಳಿದ್ದಕ್ಕೆ ಉತ್ತರ ಕೊಟ್ಟರು, ಅಷ್ಟೆ.

“ಅಕ್ಕಾ, ಸಾಕು ಇನ್ನು,” ಎಂದ ನನ್ನ ಗಂಡ. “ಈ ವಯಸ್ಸಿಗೆ ಎಂತಕ್ಕೆ ಬೇಕು ನಿಂಗೆ ಇದೆಲ್ಲ? ಲಾರಿ ಬಂದು ಗುದ್ದಿದ್ರೆ?” ಅವನು ಸಿಟ್ಟಿನಲ್ಲಿರಲಿಲ್ಲ, ಹೆದರಿದ್ದ. ಅವನು ನನ್ನ ಕಡೆ ತಿರುಗಿದ. “ನೀನಾದ್ರೂ ಹೇಳೇ, ಎಂತ ಆತು?”

ಆಗ ನಾನು ಹೇಳಿದ್ದು ಇಷ್ಟು: “ಅತ್ತಿಗೆಗೆ ಮಂಡಿ ನೋವು. ಬೆಳಿಗ್ಗೆಯಿಂದ ಹೇಳ್ತಾ ಇದ್ರು.”

ಈ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಚಳಿಗೆ ಅವರ ಮಂಡಿ ಹಿಡಿಯುತ್ತಿತ್ತು, ಯಲ್ಲಾಪುರದಲ್ಲಿ ಇಳಿದಾಗ ಅದನ್ನು ಹೇಳಿಯೂ ಇದ್ದರು. ಆದರೆ ನೋಯುತ್ತಿದ್ದದ್ದು ಬಲ ಮಂಡಿ. ಕ್ಲಚ್ ಒತ್ತುವುದು ಎಡಗಾಲು. ಯಾವ ಕಾಲು ಎಂದು ಅಲ್ಲಿ ಯಾರೂ ಕೇಳಲಿಲ್ಲ — ಕೇಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಅತ್ತಿಗೆ ನನ್ನ ಮುಖ ನೋಡಲಿಲ್ಲ. ತಲೆ ತಗ್ಗಿಸಿ ನನ್ನ ಎಡಗಾಲನ್ನು ನೋಡಿದರು. ಚಪ್ಪಲಿಯೊಳಗೆ ನನ್ನ ಬೆರಳುಗಳು ಮುದುಡಿದವು. ಇದು ನೆನಪಲ್ಲ, ಈಗಲೂ ಆಗುವ ಸಂಗತಿ. ಇದನ್ನು ಬರೆಯುವಾಗಲೂ ಮುದುಡಿವೆ.

ಗ್ಯಾರೇಜಿನಿಂದ ಪೆಟ್ಟಿಗೆಗಳಿದ್ದಲ್ಲಿಗೆ ಮರಳಿದ ಅವರು ಸಂಜೆಯವರೆಗೆ ಆ ಸಾಗವಾನಿಯ ಬುಡದಿಂದ ಏಳಲಿಲ್ಲ. ಉಳಿದ ಮೂರು ಪೆಟ್ಟಿಗೆಯ ಹುಳ ಹೊರಗೆ ಹಾರಿದ್ದವು. “ಹುಳ ಒಳಗೆ ಬರದೆ ನಾನು ಬತ್ನಿಲ್ಲೆ” ಎಂದರು. ಕತ್ತಲಾಗುವ ಮೊದಲು ಎರಡು ಪೆಟ್ಟಿಗೆಯವು ಬಂದವು. ಮೂರನೆಯದು ಖಾಲಿಯೇ ಉಳಿಯಿತು. ಅದಕ್ಕೂ ಜಾಳಿಗೆ ಹಾಕಿ ಬಿಗಿದರು. ಆಮೇಲೆ ಗೊಂಚಲಿನಿಂದ ಕಾರಿನ ಕೀಲಿಯನ್ನು ತಾವೇ ಕಳಚಿ, ಯಾರೂ ಕೇಳುವ ಮೊದಲು, ತಮ್ಮನ ಕೈಗೆ ಕೊಟ್ಟರು.

ಮುಂದಿನ ತಿಂಗಳು ನನಗೆ ಲೈಸೆನ್ಸ್ ಬಂತು. ಕಾರು ಶಿರಸಿಗೆ ಬಂತು. ಹಲಗೆ ತೆಗೆದು ಸೀಟು ಹಾಕಿಸಿದೆವು. ಕಲಘಟಗಿಯ ಕಡೆ ಉಳಿದಿದ್ದ ಪೆಟ್ಟಿಗೆಗಳನ್ನು ಅತ್ತಿಗೆ ಆ ಹೊಲದವರಿಗೇ ಬಿಟ್ಟುಕೊಟ್ಟರು. ವಾರಕ್ಕೊಮ್ಮೆ ಹೋಗಿ ನೋಡಲಾಗದ ಹುಳವನ್ನು ಸಾಕುವುದು ಸಾಕುವುದಲ್ಲ ಎಂದರಂತೆ. ನಾನು ಬಸ್ಸಿಗೆ ಕಾಯುವುದು ತಪ್ಪಿತು. ಆ ಗ್ಯಾರೇಜಿನಲ್ಲಿ ನಿಂತಾಗ ನನಗೆ ಈ ಕಾರು ಬೇಕಾಗಿತ್ತೇ? ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಬರೀ ಹೆದರಿಕೆ, ಕಲಿಕೆ ನಿಂತುಹೋದೀತೆಂಬ ಹೆದರಿಕೆ ಎಂದು ಉತ್ತರ ಬರುತ್ತದೆ. ಅಷ್ಟು ಬೇಗ ಬರುವ ಉತ್ತರವನ್ನು ನನ್ನ ವಿದ್ಯಾರ್ಥಿಯೊಬ್ಬ ಬರೆದಿದ್ದರೆ ಕೆಂಪು ಗೆರೆ ಎಳೆಯುತ್ತಿದ್ದೆ.

ಇನ್ನೊಂದಿದೆ. ಪೆಟ್ಟಿಗೆ ಹೊರುವಾಗ ಅತ್ತಿಗೆ ನನ್ನ ಕಿವಿಯ ಹತ್ತಿರ ಬಂದು, “ನೀ ಓಡ್ಸಿದ್ದು ಹೇಳಡ, ನಿನ್ ಕಲಿಯೋದು ನಿಂತೋಗ್ತು” ಎಂದ ಹಾಗೊಂದು ನೆನಪು. ಸ್ಪಷ್ಟವಾಗಿದೆ, ದನಿ ಸಮೇತ. ದಿನಚರಿಯಲ್ಲಿ ಇಲ್ಲ. ಮೊದಲ ಎರಡು ವರ್ಷ ಈ ನೆನಪು ಇದ್ದದ್ದೂ ನೆನಪಿಲ್ಲ. ಮೂರನೆಯ ವರ್ಷವೋ ಏನೋ, ನಿದ್ದೆ ಕೆಡತೊಡಗಿದ ಮೇಲೆ ಬಂದು ಸೇರಿಕೊಂಡಿತು. ಅವರು ಹಾಗೆ ಹೇಳಿರಬಹುದು, ಹೇಳುವಂಥ ಹೆಂಗಸೇ. ಆದರೆ ನನಗೆ ಇಷ್ಟು ಅನುಕೂಲವಾದ ನೆನಪನ್ನು ನಾನು ಇಟ್ಟುಕೊಳ್ಳುವುದಿಲ್ಲ. ಮತ್ತೆ, ಓಡಿಸಿದ್ದನ್ನು ಹೇಳಬೇಡ ಎಂದಿದ್ದರೂ, ಮಂಡಿಯ ಮಾತು ಹೇಳು ಎಂದು ಅವರೇನೂ ಹೇಳಿರಲಾರರು.

ಏಳು ವರ್ಷದಲ್ಲಿ ಅದು ನಮ್ಮ ಮನೆಯ ತಮಾಷೆಯಾಯಿತು. ಹಬ್ಬಕ್ಕೆ ಸೇರಿದಾಗ ಯಾರಾದರೂ ಸೀದ ಹಪ್ಪಳ ತಂದಿಟ್ಟರೆ, “ಭಾಗಿ ಅಕ್ಕನ ಕ್ಲಚ್ ಪ್ಲೇಟು ಬಂತು” ಎನ್ನುತ್ತಾರೆ. ಎಲ್ಲರೂ ನಗುತ್ತಾರೆ. ಅತ್ತಿಗೆಯೂ ನಗುತ್ತಾರೆ. ನಾನೂ.

ಈ ಚಳಿಗಾಲ ಅವರನ್ನು ಹುಬ್ಬಳ್ಳಿಗೆ, ಮಂಡಿ ತೋರಿಸಲು ಕರೆದೊಯ್ದೆವು. ಅದೇ ರಸ್ತೆ, ಅದೇ ಮಂಜು. ನಾನು ಓಡಿಸುತ್ತಿದ್ದೆ, ಪಕ್ಕದಲ್ಲಿ ಅತ್ತಿಗೆ, ಹಿಂದೆ ನನ್ನ ಗಂಡ. ಬೇಡ್ತಿ ಸೇತುವೆ ದಾಟಿ ಏರು ಬಂತು, ಮುಂದೊಂದು ಲಾರಿ. ನನ್ನ ಕಾಲು ತನ್ನಷ್ಟಕ್ಕೇ ಹೋಗಿ ಕೂತಿತು. ಅವರು ಕೆಳಗೆ ನೋಡಲೂ ಇಲ್ಲ, ಕಿಟಕಿಯ ಕಡೆಯೇ ಮುಖ.

“ಕೂಸೇ, ಕಾಲು ತೆಗೆ.”

ಹಿಂದಿನಿಂದ ನನ್ನ ಗಂಡ ನಕ್ಕ: “ಅಬ್ಬ! ಕ್ಲಚ್ ಸುಟ್ಟವ್ರೇ ಕ್ಲಚ್ ಪಾಠ ಹೇಳೋದು ನೋಡು!”

ಅಲ್ಲಿ, ಆ ಏರಿನಲ್ಲಿ, ನಾನು ಹೇಳಬಹುದಿತ್ತು. ನಾನು ನಕ್ಕೆ. ಬರೆಯಲು ಇದೇ ಎಲ್ಲಕ್ಕಿಂತ ಕಷ್ಟ — ಮೊದಲ ಸಲ ಹೆದರಿಕೆಯಿಂದ ಸುಳ್ಳಾಡಿದವಳು, ಏಳು ವರ್ಷದ ನಂತರ ಯಾವ ಹೆದರಿಕೆಯೂ ಇಲ್ಲದೆ, ಸುಮ್ಮನೆ ಅಭ್ಯಾಸದಿಂದ ನಕ್ಕೆ.

ಎರಡೂ ಮಂಡಿ ಸವೆದಿವೆ ಎಂದರು ಡಾಕ್ಟರು. ಇನ್ನು ಕಾರು ಓಡಿಸುವ ಮಾತಿಲ್ಲ. ಅಂದು ನಾನು ಅವರ ಮೇಲೆ ಹೊರಿಸಿದ್ದು ಈಗ ಬಂದು ನಿಜವಾಗಿ ಕೂತಿದೆ. ಕೀಲಿಯನ್ನು ಹಿಂದಿರುಗಿಸಿದರೂ ಅದರಿಂದ ಅವರಿಗೆ ಆಗಬೇಕಾದ್ದು ಏನೂ ಉಳಿದಿಲ್ಲ.

ದಿನಚರಿಯ ಹಳೆಯ ಸಾಲನ್ನು ಹೊಡೆದುಹಾಕಿಲ್ಲ. ಅದು ಹಾಗೇ ಇರಲಿ, ಅದರ ಕೆಳಗೆ ಇವತ್ತಿನ ದಿನಾಂಕದೊಂದಿಗೆ ಇನ್ನೊಂದು ಸಾಲು ಬರೆದಿದ್ದೇನೆ. ಬರುವ ಭಾನುವಾರ ಗಂಡನನ್ನು ಕೂರಿಸಿಕೊಂಡು ಮನ್ಮನೆಗೆ ಹೋಗುತ್ತೇನೆ. ಅತ್ತಿಗೆಯ ಎದುರಿಗೇ ಅವನಿಗೆ ಹೇಳುತ್ತೇನೆ. ಉದ್ದ ಮಾತು ಬೇಕಾಗಿಲ್ಲ, ಉದ್ದ ಮಾತಾಡಿದರೆ ಅದರೊಳಗೆ ಎಲ್ಲಾದರೂ ಅಡಗಿಕೊಳ್ಳುತ್ತೇನೆ. ಆ ದಿನ ಅವರಿಗೆ ನೋಯುತ್ತಿದ್ದದ್ದು ಬಲಗಾಲು ಎನ್ನುತ್ತೇನೆ. ಯಲ್ಲಾಪುರದವರೆಗೆ ಓಡಿಸಿದ್ದು ನಾನು ಎನ್ನುತ್ತೇನೆ. ಅಷ್ಟು ಸಾಕು. ಅವನಿಗೂ ಕಾರು ಓಡಿಸಲು ಬರುತ್ತದೆ.