ಹುಸೇನಸಾಬರ ಗಂಟು

ಹುಸೇನಸಾಬರ ಮಣ್ಣಿನ ಮನೆಯನ್ನು ಕೆಡವಿದ್ದು ಮಳೆ. ಅದಾದ ಮೇಲೆ ಎರಡು ವರ್ಷ ಅವರನ್ನು ತಾಡಪತ್ರಿಯ ಕೆಳಗೆ ಕೂರಿಸಿದವರು, ತಾಲೂಕು ಕಚೇರಿಯ ಅಧಿಕಾರಿಗಳೇ, ನೀವು.

ಬೆಳವಣಕಿಯ ನಮ್ಮ ಓಣಿಯ ಈ ಹಿರಿಯರು ನಿಮ್ಮದೇ ದಾಖಲೆ ಕೋಣೆಯಲ್ಲಿ ದಿನಗೂಲಿಗೆ ಕಡತ ಕಟ್ಟುತ್ತಿದ್ದರು. ಕಟ್ಟುವ ಕೆಂಪು ಲಾಡಿಯ ಬಣ್ಣ ಬೆವರಿಗೆ ಬಿಟ್ಟು ಅವರ ಬೆರಳ ತುದಿ ಸದಾ ಕೆಂಪು. ಓದು ಬಾರದು. ಬಾಕಿ ಇರುವ ಕಾಗದಗಳಿಗೆ ಬಿಳಿ ಲಾಡಿ, ಮುಗಿದವಕ್ಕೆ ಕೆಂಪು. ಗುಮಾಸ್ತರು ಯಾವ ರಾಶಿಗೆ ಹಾಕಿದರೋ ಆ ಬಣ್ಣ. ಎಷ್ಟೇ ದಪ್ಪ ಕಟ್ಟಾದರೂ ಒಂದೇ ಎಳೆತಕ್ಕೆ ಬಿಚ್ಚುವ ಗಂಟು ಅವರದು.

ನಾನು ಇಂಗ್ಲಿಷ್ ಎಂ.ಎ. ಓದುತ್ತಿದ್ದಾಗ ಅವರಿಗೊಮ್ಮೆ ಹೇಳಿದ್ದೆ: ಇಂಗ್ಲೆಂಡಿನಲ್ಲಿ ಶತಮಾನಗಳ ಹಿಂದೆಯೇ ಸರಕಾರಿ ಕಾಗದಗಳನ್ನು ಕೆಂಪು ಪಟ್ಟಿಯಿಂದ ಕಟ್ಟುತ್ತಿದ್ದರು, ಕಚೇರಿಯ ವಿಳಂಬಕ್ಕೆ ‘ರೆಡ್ ಟೇಪ್’ ಎಂಬ ಹೆಸರು ಬಂದದ್ದು ಅಲ್ಲಿಂದ.

ಅವರು ನಕ್ಕರು. “ಲಾಡೀದೇನ ತಪ್ಪೈತಿ, ತಂಗಿ? ಜಗ್ಗಿದ್ರ ಬಿಚ್ಚತೈತಿ. ಜಗ್ಗೋರು ಬೇಕಲಾ!”

ಮನೆಗಾಗಿ ಅವರು ಕೊಟ್ಟ ಅರ್ಜಿ ಏನಾಯಿತೆಂದು ಕೇಳಿದಾಗಲೆಲ್ಲ ಗುಮಾಸ್ತರದು ಒಂದೇ ಚೇಷ್ಟೆ: “ಏನ್ರಿ ಸಾಬರ, ದಫ್ತರ ಎಲ್ಲಾ ನಿಮ್ಮ ಕೈಯಾಗ ಐತಿ, ನಮ್ಮನ್ಯಾಕ ಕೇಳ್ತೀರಿ?”

ಕೊನೆಗೆ ಅನುಮತಿ ಪಡೆದು ನಾನೂ ಅವರೂ ಹುಡುಕಿದೆವು. ಬಿಳಿ ಲಾಡಿಯ ಕಟ್ಟುಗಳಲ್ಲಿ ಅದು ಇರಲಿಲ್ಲ. ಕೆಂಪು ಕಟ್ಟುಗಳನ್ನೂ ನೋಡೋಣವೆಂದೆ.

“ಹುಚ್ಚಿ! ಮನಿ ಇನ್ನೂ ಬಿದ್ದ ಐತಿ. ಮುಗಿದದ್ದರಾಗ ನನ್ನ ಕಾಗದ ಹ್ಯಾಂಗ ಇರತೈತಿ?”

ನಾಲ್ಕನೆಯ ಕಟ್ಟಿನಲ್ಲಿತ್ತು. ಹೆಬ್ಬೆಟ್ಟಿನ ಗುರುತಿನ ಮೇಲೆ ಯಾರೋ ಬರೆದಿದ್ದರು: ‘ಸ್ಥಳ ಪರಿಶೀಲಿಸಿದೆ. ಮುಕ್ತಾಯ.’ ನಾನು ಓದಿ ಹೇಳಿದೆ. ಅವರ ಮನೆಯ ಕಡೆ ಯಾರೂ ಸುಳಿದಿರಲಿಲ್ಲ.

ಅವರು ಬಿಚ್ಚಿದ ಲಾಡಿಯನ್ನು ಕೈಗೆತ್ತಿಕೊಂಡರು. “ಗಂಟು ನಂದ ಐತಿ, ತಂಗಿ. ನಾನ ಕಟ್ಟೇನಿ.” ಎಂದವರೇ, ರೂಢಿಯ ಕೈ, ಕಟ್ಟನ್ನು ಮತ್ತೆ ಕಟ್ಟಿ ಮೇಲಿಟ್ಟರು.

ಮರುದಿನವೇ ನಾನು ಬರೆದ ದೂರಿಗೆ ನೀವು ಉತ್ತರಿಸಲಿಲ್ಲ. ಮುಂದಿನ ಮಳೆಗಾಲ ತಾಡಪತ್ರಿ ಹರಿಯಿತು. ಹುಸೇನಸಾಬರು ಚಳಿಜ್ವರದಲ್ಲಿ ತೀರಿಕೊಂಡರು. ಕೊನೆಯ ಸಲ ಕಂಡಾಗಲೂ ಬೆರಳ ತುದಿ ಕೆಂಪಾಗಿಯೇ ಇತ್ತು.

ಅವರ ಪತ್ನಿ ಮಮತಾಜಬಿ ಈಗಲೂ ಆ ಹರಿದ ತಾಡಪತ್ರಿಯ ಕೆಳಗೇ ಇದ್ದಾರೆ. ಆದ್ದರಿಂದ ಕೇಳುತ್ತಿದ್ದೇನೆ: ನೋಡದ ಮನೆಯನ್ನು ಪರಿಶೀಲಿಸಿದೆನೆಂದು ಬರೆದವರು ಯಾರು? ಲಿಖಿತ ಉತ್ತರ ಕೊಡಿ. ಬರುವ ಮಳೆಗಾಲಕ್ಕೆ ಮುನ್ನ ಆ ತಾಯಿಗೆ ಸೂರು ಕಟ್ಟಿಸಿಕೊಡಿ. ಕಡತ ಕೆಂಪು ಕಟ್ಟುಗಳ ಸಾಲಿನಲ್ಲಿ ನಾಲ್ಕನೆಯದು. ಒಂದೇ ಎಳೆತಕ್ಕೆ ಬಿಚ್ಚುತ್ತದೆ.